ಸೂಪರ್‌ಕಾರಿಗೂ ಕುಕನೂರಿನ ಫ್ಯಾನಿಗೂ ಒಂದೇ ಲೆಕ್ಕ

ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಕಡೆ ಹೊಲಗಳ ನಡುವೆ ದೊಡ್ಡ ದೊಡ್ಡ ಗಾಳಿ ಫ್ಯಾನುಗಳು ನಿಂತಿವೆ. ಆಷಾಢ ಬಂತೆಂದರೆ ಅವಕ್ಕೆ ಸುಗ್ಗಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿ ಎರಡಲ್ಲ, 8 ಪಟ್ಟು ಏರುತ್ತದೆ. ಫ್ಯಾನಿಗೆ ಲಾಭ ತರುವ ಇದೇ ಲೆಕ್ಕ ಎಲೆಕ್ಟ್ರಿಕ್ ಸೂಪರ್‌ಕಾರಿಗೆ ದಂಡ ಹಾಕುತ್ತದೆ.

ಕ್ರೊಯೇಷಿಯಾದ ರಿಮಾಟ್ಸ್ ನೆವೆರಾ ಕಾರಿಗೆ 1914 ಹಾರ್ಸ್‌ಪವರ್. 2022ರಲ್ಲಿ ಅದು ಗಂಟೆಗೆ 412 ಕಿ.ಮೀ. ವೇಗ ಮುಟ್ಟಿತು. ನೂರರ ವೇಗದಲ್ಲಿ ಗಾಳಿ ಸೀಳಲು ಎಷ್ಟು ಶಕ್ತಿ ಬೇಕೋ, ನಾನೂರಕ್ಕೆ ಅದರ 64 ಪಟ್ಟು ಬೇಕು! ಹಾಗಂತ ಸುಮ್ನೆ ಬ್ಯಾಟರಿ ಹೆಚ್ಚಿಸುತ್ತಾ ಹೋಗುವಂತಿಲ್ಲ. ನೆವೆರಾ ಈಗಾಗಲೇ 2 ಟನ್‌ಗೂ ಜಾಸ್ತಿ ತೂಗುತ್ತದೆ. ಉಳಿದಿರುವುದು ಕಾರಿನ ಆಕಾರ ಒಂದೇ.

2019ರಲ್ಲಿ ಬಂದ ಲೋಟಸ್ ಎವಿಯಾವನ್ನು ಹಿಂದಿನಿಂದ ನೋಡಬೇಕು. ಎಡಕ್ಕೊಂದು, ಬಲಕ್ಕೊಂದು ದೊಡ್ಡ ತೂತು, ಆಚೆ ಬದಿಯ ಬೆಳಕೇ ಕಾಣುತ್ತದೆ. ಹಿಂದಿನ ಕೆಂಪು ದೀಪ ಆ ತೂತಿನ ಅಂಚಿನ ಸುತ್ತಲೇ ಉರಿಯುತ್ತದೆ. ಇದು ಬರೀ ಶೋಕಿ ಅಲ್ಲ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಅದು ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಪಕ್ಕದಿಂದ ಒಳಹೊಕ್ಕ ಗಾಳಿ ಈ ಸುರಂಗದಿಂದ ಹೊರಬಂದು ಆ ಜಾಗ ತುಂಬುತ್ತದೆ. ಎಳೆತ ಕಡಿಮೆಯಾಗುತ್ತದೆ. ದೊಡ್ಡ ಪೆಟ್ರೋಲ್ ಎಂಜಿನ್, ಸೈಲೆನ್ಸರ್ ಇದ್ದಿದ್ದರೆ ಅಲ್ಲಿ ಇಷ್ಟು ಖಾಲಿ ಜಾಗ ಎಲ್ಲಿ ಸಿಗುತ್ತಿತ್ತು?

ಸೂಪರ್‌ಕಾರಿಗೆ ಇನ್ನೊಂದು ತಾಪತ್ರಯವಿದೆ. ತಿರುವಿನಲ್ಲಿ ಜಾರದಂತೆ ಗಾಳಿಯೇ ಅದನ್ನು ನೆಲಕ್ಕೆ ಒತ್ತಬೇಕು. ಒತ್ತಿಸಿಕೊಂಡಷ್ಟೂ ಎಳೆತ ಜಾಸ್ತಿ. ಅದಕ್ಕೇ ನೆವೆರಾದ ಗಾಳಿ ಎಳೆತದ ಅಂಕಿ (ಇದು ಕಡಿಮೆಯಿದ್ದಷ್ಟೂ ಎಳೆತ ಕಡಿಮೆ) 0.30ರ ಆಸುಪಾಸಿನಲ್ಲಿದೆ. ಮರ್ಸಿಡಿಸ್ 2022ರಲ್ಲಿ ತೋರಿಸಿದ ವಿಷನ್ ಇಕ್ಯೂಎಕ್ಸ್‌ಎಕ್ಸ್ ಎಂಬ ಕಾನ್ಸೆಪ್ಟ್ ಕಾರಿನದು 0.17. ಅದು ಸೂಪರ್‌ಕಾರಲ್ಲ, ನಾಲ್ಕು ಬಾಗಿಲಿನ ಕಾರು. ಹಿಂದಿನ ಚಕ್ರಗಳ ನಡುವಿನ ಅಂತರ ಮುಂದಿನದಕ್ಕಿಂತ 50 ಮಿ.ಮೀ. ಕಡಿಮೆ, ಅಂದರೆ ಹಿಂದಿನ ಚಕ್ರ ಮುಂದಿನ ಚಕ್ರದ ಮರೆಯಲ್ಲೇ ಉರುಳುತ್ತದೆ. 100 ಕಿಲೋವ್ಯಾಟ್-ಗಂಟೆಗೂ ಕಡಿಮೆ ಬ್ಯಾಟರಿಯಲ್ಲಿ, ಒಂದೇ ಚಾರ್ಜಿಗೆ ಅದು 1000 ಕಿ.ಮೀ. ದಾಟಿತು. ನನ್ನ ಮಟ್ಟಿಗೆ 412ಕ್ಕಿಂತ ಈ 0.17 ದೊಡ್ಡದು. ನಾಳೆ ನಾವು ಕೊಳ್ಳುವ ಸಾಧಾರಣ ಕಾರಿಗೆ ಇಳಿದು ಬರುವುದು ಇದೇ ವಿದ್ಯೆ.

ಆದರೆ ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ? ಇಕ್ಯೂಎಕ್ಸ್‌ಎಕ್ಸ್‌ನ ಅಡಿಯಲ್ಲಿ, ಒಳಗಿನ ಬಿಸಿ ಹೊರಹಾಕಲು ಒಂದು ತಂಪು ತಟ್ಟೆ ಇದೆ. ಕೆಳಗೆ ಹರಿಯುವ ಗಾಳಿಯೇ ಅದನ್ನು ತಣಿಸುತ್ತದೆ. ಹೀಗಾಗಿ ಮೂತಿಯ ಕಿಂಡಿಗಳನ್ನು ಮುಚ್ಚಿಟ್ಟು ಎಳೆತ ಉಳಿಸಬಹುದು. ಲಿಥಿಯಂ ಬ್ಯಾಟರಿಗೆ ಹಿತವಾದ ಬಿಸಿ ಸುಮಾರು 20ರಿಂದ 35 ಡಿಗ್ರಿ. ರಾಯಚೂರಿನ ಮೇ ತಿಂಗಳಲ್ಲಿ ಗಾಳಿಯೇ 40 ದಾಟಿರುತ್ತದೆ, ಕಾದ ಡಾಂಬರಿನ ಮೇಲೆ ಇನ್ನೂ ಜಾಸ್ತಿ. ಅಂಥ ಗಾಳಿ ತಟ್ಟೆಯನ್ನು ಹೇಗೆ ತಣಿಸೀತು? ಏಸಿ ಕಂಪ್ರೆಸರ್ ಓಡಲೇಬೇಕು, ಅದರ ಬಿಸಿ ಹೊರಹೋಗಲು ಮೂತಿಯ ಕಿಂಡಿ ತೆರೆಯಲೇಬೇಕು. ಕಿಂಡಿ ತೆರೆದರೆ ಗಾಳಿ ಒಳನುಗ್ಗುತ್ತದೆ, ಎಳೆತ 0.17ಕ್ಕಿಂತ ಮೇಲೇರುತ್ತದೆ.