ಬೇಳೆ ಬಿಟ್ಟಿದ್ದೇನೆ, ಇನ್ನೂ ಗೌಟ್ ಮಾತ್ರೆ ಬೇಕಾ?

ಪ್ರಶ್ನೆ: ನನಗೆ 46 ವರ್ಷ. ಕಾಲಿನ ಹೆಬ್ಬೆರಳ ಬುಡ ಊದಿಕೊಂಡು ಕೆಂಪಾಗಿ, ಬೆಡ್‌ಶೀಟ್ ತಾಗಿದರೂ ಜೀವ ಹೋಗುವಂಥ ನೋವು. ಈ ವರ್ಷ ಮೂರು ಸಲ ಬಂತು. ಯೂರಿಕ್ ಆಸಿಡ್ 8.9 ಇದೆ. ಡಾಕ್ಟರು ಅಲೋಪ್ಯೂರಿನಾಲ್ ಬರೆದು, ಬಹಳ ವರ್ಷ ತಗೋಬೇಕಾಗುತ್ತೆ ಅಂದರು. ನಾನು ತೊಗರಿಬೇಳೆ, ಟೊಮೆಟೊ, ಪಾಲಕ್, ಕಾಳು ಎಲ್ಲಾ ಬಿಟ್ಟಿದ್ದೇನೆ. ಪಥ್ಯದಲ್ಲೇ ಸರಿಹೋಗಲ್ವಾ? ಒಮ್ಮೆ ಶುರು ಮಾಡಿದರೆ ಆ ಮಾತ್ರೆ ಬಿಡೋಕೇ ಆಗಲ್ವಂತೆ, ಹೌದಾ?

ಉತ್ತರ: ಪ್ರಶ್ನೆ ಕಳಿಸುವವರ ಊರು ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, ಬೇಳೆ ಮಾತ್ರ ಬದಲಾಗುವುದಿಲ್ಲ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿಬಿಡಬಹುದು.

ಮೊದಲು ಚಿಕ್ಕ ಉತ್ತರ. ನಿಮ್ಮ ಡಾಕ್ಟರು ಹೇಳಿದ್ದು ಸರಿ. ಗೌಟ್ ಅಂದರೆ ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಊತ, ನೋವು. ವರ್ಷಕ್ಕೆ ಎರಡು ಸಲವೋ ಅದಕ್ಕಿಂತ ಹೆಚ್ಚೋ ಗೌಟ್ ಕೆರಳಿದರೆ, ಕಿವಿಯಂಚಿನಲ್ಲೋ ಬೆರಳಿನ ಕೀಲಿನ ಮೇಲೋ ಸುಣ್ಣದಂಥ ಗಂಟು ಕಟ್ಟಿದ್ದರೆ, ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಂಡರೆ, ದೀರ್ಘಕಾಲದ ಮಾತ್ರೆ ಶುರು ಮಾಡಬೇಕು. ಕಿಡ್ನಿ ಆಗಲೇ ಸೋತಿದ್ದರೆ, ಕಿಡ್ನಿಯಲ್ಲಿ ಕಲ್ಲಾಗಿದ್ದರೆ, ಇಲ್ಲವೇ ಯೂರಿಕ್ ಆಸಿಡ್ 9 ದಾಟಿದ್ದರೆ ಮೊದಲ ಸಲದ ನೋವಿಗೇ ಶುರು ಮಾಡುವುದೂ ಉಂಟು. ನಿಮಗೆ ಮೂರು ಸಲ ಬಂದಿದೆ. ಇಲ್ಲಿ ಯೋಚನೆ ಮಾಡುವಂಥದ್ದು ಹೆಚ್ಚೇನೂ ಇಲ್ಲ.

ಈಗ ಬೇಳೆಯ ವಿಚಾರ.

ಕೆಲವು ತಿಂಗಳ ಹಿಂದೆ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ಆಕೆ ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದನ್ನು ಚೊಕ್ಕವಾಗಿ ಬರೆದುಕೊಂಡಿದ್ದರು. ‘ತಿನ್ನಬಾರದು’ ಎಂಬ ಸಾಲು ಹಾಳೆಯ ಎರಡೂ ಬದಿ ತುಂಬಿತ್ತು: ತೊಗರಿ, ಹೆಸರು, ಉದ್ದು, ಅವರೆ, ಹುರುಳಿ, ಬದನೆ, ಹೂಕೋಸು, ಪಾಲಕ್, ಅಣಬೆ, ಟೊಮೆಟೊ, ಹುಣಸೆ. ‘ತಿನ್ನಬಹುದು’ ಅನ್ನುವ ಕಡೆ ಅನ್ನ, ಗಂಜಿ, ಸೋರೆಕಾಯಿ, ಮಜ್ಜಿಗೆ. ಹಾಳೆಯನ್ನು ಮೇಲಿಂದ ಕೆಳಗಿನವರೆಗೂ ಓದಿದೆ, ಬಿಯರ್ ಎಲ್ಲೂ ಇರಲಿಲ್ಲ. ಕೇಳಿದೆ. ‘ಶನಿವಾರ ಎರಡು ಬಾಟಲ್, ಅಷ್ಟೇ ಸಾರ್. ಅದು ಬಾರ್ಲಿ ಅಲ್ವಾ, ತಂಪು’ ಅಂದರು ಗಂಡ. ಮೂರು ತಿಂಗಳಿಂದ ಆ ಮನೆಯಲ್ಲಿ ಸಾರಿಗೆ ಬೇಳೆ ಹಾಕಿರಲಿಲ್ಲ.

ಯೂರಿಕ್ ಆಸಿಡ್ ಬರುವುದು ಪ್ಯೂರಿನ್ ಎಂಬ ವಸ್ತುವಿನಿಂದ. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನಮ್ಮದೇ ಜೀವಕೋಶಗಳು ಹುಟ್ಟಿ ಸಾಯುವಾಗ ಉತ್ಪತ್ತಿಯಾಗುವಂಥದ್ದು. ಊಟದಿಂದ ಬರುವುದು ಉಳಿದ ಒಂದು ಪಾಲು, ಬೇಳೆ ಕಾಳು ಆ ಒಂದು ಪಾಲಿನಲ್ಲಿ ಒಂದು ಚೂರು. ಇನ್ನೂ ಮುಖ್ಯವಾದ ಮಾತೆಂದರೆ, ಗೌಟ್ ಇರುವ ಹತ್ತರಲ್ಲಿ ಒಂಬತ್ತು ಜನರಿಗೆ ತೊಂದರೆ ಇರುವುದು ಒಳಗೆ ಬರುವ ಕಡೆ ಅಲ್ಲ, ಹೊರಗೆ ಹೋಗುವ ಕಡೆ. ಅವರ ಕಿಡ್ನಿ ಯೂರಿಕ್ ಆಸಿಡನ್ನು ಸಾಕಷ್ಟು ಹೊರಹಾಕುವುದಿಲ್ಲ. ಬಹುಮಟ್ಟಿಗೆ ಇದು ಹುಟ್ಟಿನಿಂದ ಬಂದ ಗುಣ. ಬಚ್ಚಲ ಕಿಂಡಿ ಕಟ್ಟಿಕೊಂಡು ನೀರು ನಿಂತಿರುವಾಗ ನೀವು ನಲ್ಲಿಯ ತೊಟ್ಟಿಕ್ಕುವ ಹನಿಗೆ ಬಟ್ಟೆ ಸುತ್ತುತ್ತಾ ಕೂತಿದ್ದೀರಿ.

ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ 730 ಮಂದಿಗೆ ಹೊಸದಾಗಿ ಗೌಟ್ ಬಂತು. ಮಾಂಸ, ಸಮುದ್ರದ ಮೀನು ಹೆಚ್ಚು ತಿಂದವರಿಗೆ ಹೆಚ್ಚು ಬಂತು. ಹಾಲು, ಮೊಸರು ಬಳಸಿದವರಿಗೆ ಕಡಿಮೆ ಬಂತು. ಬಟಾಣಿ, ಬೇಳೆ, ಪಾಲಕ್, ಅಣಬೆ, ಹೂಕೋಸು, ಅಂದರೆ ಆಕೆಯ ಹಾಳೆಯ ಅರ್ಧ ಪಟ್ಟಿ, ಹೆಚ್ಚು ತಿಂದವರಿಗೆ ಅಪಾಯ ಹೆಚ್ಚಲಿಲ್ಲ. ಇವುಗಳಲ್ಲಿ ಪ್ಯೂರಿನ್ ಇದೆ ಅನ್ನುವುದು ನಿಜ, ಇವುಗಳಿಂದ ಗೌಟ್ ಬರುತ್ತದೆ ಅನ್ನುವುದು ಸುಳ್ಳು. 2004ರಿಂದ ಈ ಮಾತು ಎಲ್ಲರ ಮುಂದಿದೆ, ಆದರೂ ನಮ್ಮ ಆಸ್ಪತ್ರೆಗಳ ಗೋಡೆಯ ಮೇಲಿನ ಪಥ್ಯದ ಪಟ್ಟಿಗಳು ಹಾಗೇ ನೇತಾಡುತ್ತಿವೆ.

‘ಟೊಮೆಟೊ ತಿಂದ ಮಾರನೇ ದಿನವೇ ನನಗೆ ನೋವು ಬರುತ್ತೆ, ನಿಮ್ಮ ಅಧ್ಯಯನ ನಿಮ್ಮ ಹತ್ತಿರವೇ ಇರಲಿ’ ಎನ್ನುವವರಿದ್ದಾರೆ. ನ್ಯಾಯವಾಗಿ ಹೇಳುವುದಾದರೆ ಟೊಮೆಟೊ ವಿಷಯದಲ್ಲಿ ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನ್ಯೂಜಿಲೆಂಡಿನ ಗೌಟ್ ರೋಗಿಗಳಲ್ಲಿ ಐದರಲ್ಲಿ ಒಬ್ಬರು ಟೊಮೆಟೊದಿಂದ ನೋವು ಕೆರಳುತ್ತದೆ ಎಂದು ಹೇಳಿದ್ದು 2015ರ ಒಂದು ವರದಿಯಲ್ಲಿದೆ. ಟೊಮೆಟೊ ಹೆಚ್ಚು ತಿನ್ನುವವರ ರಕ್ತದಲ್ಲಿ ಯೂರಿಕ್ ಆಸಿಡ್ ತುಸು ಹೆಚ್ಚಿರುವುದನ್ನೂ ಅದೇ ವರದಿ ತೋರಿಸಿತು. ನಿಮಗೆ ಪ್ರತಿ ಸಲ ಹಾಗಾಗುತ್ತಿದ್ದರೆ ಟೊಮೆಟೊ ಬಿಡಿ, ನನ್ನದೇನೂ ತಕರಾರಿಲ್ಲ. ಆದರೆ ನೋವು ಕೆರಳಿಸುವುದು ಬೇರೆ, ಕಾಯಿಲೆ ತರುವುದು ಬೇರೆ. ಕೀಲಿನೊಳಗೆ ಹರಳು ಕೂತಿದ್ದರೆ ತಾನೇ ಕೆರಳುವುದು?

ಲೆಕ್ಕವನ್ನೂ ಮಾಡಿಬಿಡೋಣ. ಪಥ್ಯವನ್ನು ಎಷ್ಟೇ ಕಟ್ಟುನಿಟ್ಟಾಗಿ ಮಾಡಿದರೂ ಯೂರಿಕ್ ಆಸಿಡ್ ಇಳಿಯುವುದು ಸುಮಾರು 1. ನಿಮ್ಮದು 8.9, ಇಳಿದರೆ 7.9. ರಕ್ತದಲ್ಲಿ 6.8 ದಾಟಿದರೆ ಅದು ಕರಗಿ ಉಳಿಯಲಾರದೆ ಹರಳುಗಟ್ಟುವ ಸ್ಥಿತಿಗೆ ಬರುತ್ತದೆ. ಮೈಯ ಮಿಕ್ಕ ಭಾಗಕ್ಕಿಂತ ಪಾದ ತಣ್ಣಗಿರುವುದರಿಂದ ಹರಳು ಮೊದಲು ಹೆಬ್ಬೆರಳನ್ನು ಹಿಡಿಯುವುದು ಹೆಚ್ಚು. ಹಳೆಯ ಹರಳು ಕರಗಬೇಕಾದರೆ 6ಕ್ಕಿಂತ ಕೆಳಗೆ ಇಳಿಸಬೇಕು, ಗಂಟು ಕಟ್ಟಿದವರಿಗೆ 5ಕ್ಕಿಂತ ಕೆಳಗೆ. 7.9ರಲ್ಲಿ ನಿಂತು ಬೇಳೆ ಬಿಟ್ಟ ಪುಣ್ಯ ಏನೂ ಇಲ್ಲ.

ಪುಣ್ಯ ಇಲ್ಲ ಅಷ್ಟೇ ಅಲ್ಲ, ನಷ್ಟವೂ ಇದೆ. ಮಾಂಸ ತಿನ್ನದ ಮನೆಯಲ್ಲಿ ಬೇಳೆ ಕಾಳು ಹೋದರೆ ಪ್ರೋಟೀನ್ ಎಲ್ಲಿಂದ ಬರಬೇಕು? ತಟ್ಟೆಯಲ್ಲಿ ಅನ್ನ ಹೆಚ್ಚುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಸಕ್ಕರೆ ಏರುತ್ತದೆ. ಬೊಜ್ಜು ಬೆಳೆದಷ್ಟೂ ಕಿಡ್ನಿ ಯೂರಿಕ್ ಆಸಿಡನ್ನು ಇನ್ನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ಉಪವಾಸ ಮಾಡಿ ತೂಕ ಇಳಿಸಲು ಹೊರಟರೆ ಅದೂ ನೋವನ್ನು ಕೆರಳಿಸುತ್ತದೆ. ಬಿಡಬೇಕೆಂದಿದ್ದರೆ ಬಿಯರ್ ಬಿಡಿ, ಬಾಟಲಿ ಕೂಲ್‌ಡ್ರಿಂಕ್ ಬಿಡಿ. ಬೋಟಿ, ಲಿವರ್, ಕುರಿ ಮಾಂಸ ಕಡಿಮೆ ಮಾಡಿ. ಕರಾವಳಿಯವರು ಬೂತಾಯಿಯನ್ನು ವಾರವಿಡೀ ತಿನ್ನುವುದು ಬೇಡ. ಸಾರಿಗೆ ಬೇಳೆ ಹಾಕಿ.

ಮಾತ್ರೆಗೆ ಬರೋಣ. ಅಲೋಪ್ಯೂರಿನಾಲ್ ಹೊಸ ಔಷಧಿಯೇನಲ್ಲ, ಅಮೆರಿಕದಲ್ಲಿ 1966ರಿಂದ ಬಳಕೆಯಲ್ಲಿದೆ. ಅದನ್ನು ಕಂಡುಹಿಡಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರಲ್ಲಿ ನೊಬೆಲ್ ಹಂಚಿಕೊಂಡರು. ಯೂರಿಕ್ ಆಸಿಡ್ ತಯಾರಿಸುವ ಕಿಣ್ವಕ್ಕೆ ಅದು ಅಡ್ಡಗಾಲು ಹಾಕುತ್ತದೆ. ದಿನಕ್ಕೆ 100 ಮಿಲಿಗ್ರಾಂನಿಂದ, ಕಿಡ್ನಿ ಸೋತವರಿಗೆ 50ರಿಂದ ಶುರು ಮಾಡಿ, ಕೆಲವು ವಾರಗಳಿಗೊಮ್ಮೆ ರಕ್ತ ನೋಡಿ ಏರಿಸುತ್ತಾ ಹೋಗುತ್ತಾರೆ. ಡೋಸ್ ಏರಿಸುವುದನ್ನು ನಿಲ್ಲಿಸುವುದು ಇಂತಿಷ್ಟು ಮಿಲಿಗ್ರಾಂ ಅಂತಲ್ಲ, ರಿಪೋರ್ಟಿನಲ್ಲಿ 6ರ ಕೆಳಗೆ ಬಂದಾಗ. 300ರಲ್ಲೂ ಗುರಿ ಮುಟ್ಟದವರು ಬಹಳ ಜನ. 100ರಲ್ಲೇ ವರ್ಷಗಟ್ಟಲೆ ಕಳೆದು ‘ಈ ಮಾತ್ರೆ ಕೆಲಸ ಮಾಡಲ್ಲ’ ಅನ್ನುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ, ಅವರಿಗೆ ಡೋಸ್ ಏರಿಸಿಯೇ ಇರುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಒಂದು ತಮಾಷೆ ನಡೆಯುತ್ತದೆ, ನೋವು ತಿನ್ನುವವರಿಗೆ ತಮಾಷೆಯಲ್ಲ. ಮಾತ್ರೆ ಶುರುವಾದ ಮೇಲೆ ಗೌಟ್ ಇನ್ನೂ ಹೆಚ್ಚು ಕೆರಳಬಹುದು. ಯೂರಿಕ್ ಆಸಿಡ್ ಇಳಿಯುತ್ತಿದ್ದಂತೆ ಕೀಲಿನಲ್ಲಿ ಕೂತಿದ್ದ ಹರಳು ಸಡಿಲಗೊಂಡು ಕಳಚಿಕೊಳ್ಳುತ್ತದೆ, ಬಿಳಿ ರಕ್ತಕಣಗಳು ಅದರ ಮೇಲೆ ಮುಗಿಬೀಳುತ್ತವೆ. ಹರಳು ಕರಗತೊಡಗಿದೆ ಎಂಬುದಕ್ಕೆ ಇದು ಗುರುತು. ಆದರೆ ಹೆಚ್ಚಿನವರು ಮಾತ್ರೆ ಬಿಡುವುದು ಇಲ್ಲೇ, ‘ನನ್ನ ಬಾಡಿಗೆ ಆಗಿಬರಲಿಲ್ಲ’ ಅನ್ನುತ್ತಾ. ಇದನ್ನು ತಡೆಯಲೆಂದೇ ಮೊದಲ 3ರಿಂದ 6 ತಿಂಗಳು ಜೊತೆಗೆ ಕೋಲ್ಚಿಸಿನ್ 0.5 ಮಿಲಿಗ್ರಾಂ ದಿನಕ್ಕೆ ಒಂದೋ ಎರಡೋ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ. ಕೋಲ್ಚಿಸಿನ್‌ನಿಂದ ಭೇದಿ ಶುರುವಾದರೆ ಡಾಕ್ಟರಿಗೆ ತಿಳಿಸಿ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ಅದು ಕೂಡಲೇಬಾರದು. (ನಮ್ಮ ಬೇಲಿಸಾಲಿನ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇದೇ ಕೋಲ್ಚಿಸಿನ್ ಇದೆ. ಹಾಗಂತ ನಾಟಿ ಔಷಧಿ ಎಂದು ಅದನ್ನು ತೇಯ್ದು ಕುಡಿಯಲು ಹೋಗಬೇಡಿ, ಪ್ರಾಣಕ್ಕೇ ಸಂಚಕಾರ.) ನೋವು ಕೆರಳಿದ ದಿನಗಳಲ್ಲೂ ಅಲೋಪ್ಯೂರಿನಾಲ್ ನಿಲ್ಲಿಸಬೇಡಿ, ನೋವಿಗೆ ಬೇರೆ ಔಷಧಿ ಕೊಡುತ್ತಾರೆ.

ನಿಲ್ಲಿಸಲೇಬೇಕಾದ ಸಂದರ್ಭ ಒಂದಿದೆ. ಮೈಮೇಲೆ ದದ್ದು ಎದ್ದರೆ, ಬಾಯಿಯಲ್ಲಿ ಹುಣ್ಣಾದರೆ, ಜ್ವರ ಬಂದರೆ, ಅದರಲ್ಲೂ ಮೊದಲ ಎರಡು ಮೂರು ತಿಂಗಳಲ್ಲಿ, ಮಾತ್ರೆ ಅಲ್ಲಿಗೇ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಬಂದರೆ ಜೀವಕ್ಕೆ ಕುತ್ತು. ಅಜಥಯೋಪ್ರಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ) ತೆಗೆದುಕೊಳ್ಳುವವರು ಮೊದಲ ಭೇಟಿಯಲ್ಲೇ ಅದನ್ನು ಹೇಳಬೇಕು. ಅಲೋಪ್ಯೂರಿನಾಲ್ ಆಗದವರಿಗೆ ಫೆಬುಕ್ಸೊಸ್ಟಾಟ್ ಇದೆ, ಹೃದಯದ ತೊಂದರೆ ಇದ್ದವರಿಗೆ ಅದನ್ನು ಯೋಚಿಸಿ ಕೊಡುತ್ತಾರೆ.

‘ಬಿಡೋಕೇ ಆಗಲ್ವಂತೆ’ ಅಂದಿರಿ. ಇದು ಚಟ ಹಿಡಿಸುವ ಮಾತ್ರೆಯಲ್ಲ, ನಾಳೆ ಬಿಟ್ಟರೆ ನಾಳೆಯೇ ಏನೂ ಆಗುವುದಿಲ್ಲ. ಯೂರಿಕ್ ಆಸಿಡ್ ನಿಧಾನವಾಗಿ ಹಳೆಯ ಮಟ್ಟಕ್ಕೆ ಏರುತ್ತದೆ, ಹರಳು ಮತ್ತೆ ಕೂಡುತ್ತದೆ, ಕೆಲವು ತಿಂಗಳಿಗೋ ವರ್ಷಕ್ಕೋ ಅದೇ ಹೆಬ್ಬೆರಳು. ನಿಮ್ಮ ಕಿಡ್ನಿಯ ಸ್ವಭಾವ ಬದಲಾಗಿಲ್ಲವಲ್ಲ. ‘ಕಿಡ್ನಿ ಹಾಳಾಗುತ್ತೆ’ ಎಂಬ ಭಯ ಇನ್ನೊಂದು. ಈ ಭಯದಿಂದ ಅಲೋಪ್ಯೂರಿನಾಲ್ ಮುಟ್ಟದವರೇ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಕೇಳಿ ವಾರಗಟ್ಟಲೆ ನುಂಗುತ್ತಾರೆ. ಕಿಡ್ನಿ ಕೆಡಿಸುವುದು ಯಾವುದು ಎಂದು ನಾನು ಬಿಡಿಸಿ ಹೇಳಬೇಕೇ?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 517 ಗೌಟ್ ರೋಗಿಗಳನ್ನು ಎರಡು ಗುಂಪು ಮಾಡಿದರು, ಫಲಿತಾಂಶ 2018ರಲ್ಲಿ ಬಂತು. ಒಂದು ಗುಂಪಿಗೆ ಎಂದಿನ ಡಾಕ್ಟರ ಆರೈಕೆ. ಇನ್ನೊಂದು ಗುಂಪನ್ನು ತರಬೇತಾದ ನರ್ಸ್‌ಗಳು ನೋಡಿಕೊಂಡರು. ಕಾಯಿಲೆ ಏನು, ಮೊದಮೊದಲು ನೋವು ಯಾಕೆ ಬರುತ್ತದೆ ಎಂದು ಕೂರಿಸಿ ವಿವರಿಸಿದರು, ರಕ್ತ ನೋಡಿ ಡೋಸ್ ಏರಿಸಿದರು. ಎರಡು ವರ್ಷಕ್ಕೆ ನರ್ಸ್‌ಗಳ ಕಡೆ ನೂರಕ್ಕೆ 95 ಮಂದಿ ಗುರಿ ಮುಟ್ಟಿದ್ದರು, ಡಾಕ್ಟರ ಕಡೆ 30. ಅವರ ಹತ್ತಿರ ಇದ್ದದ್ದೂ ಇವೇ ಹಳೆಯ ಮಾತ್ರೆಗಳು. ನಾನು ಇಷ್ಟುದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ ಎಂದುಕೊಳ್ಳಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೆ ನಿಮ್ಮ ಮನೆಯಲ್ಲೇ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಡಿಮೆ ದರದ ಫುಲ್ ಬಾಡಿ ಚೆಕಪ್ ಮಾಡಿಸಿ, ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ 7.6 ಎಂದು ದಪ್ಪ ಅಕ್ಷರದಲ್ಲಿ ಬಂದಿದೆ, ನೋವು ಗೀವು ಏನಿಲ್ಲ. ಮಾತ್ರೆ ಬೇಕಾ? ಬೇಡ. ಯೂರಿಕ್ ಆಸಿಡ್ 9ಕ್ಕಿಂತ ಹೆಚ್ಚಿದ್ದವರಲ್ಲೂ ಐದು ವರ್ಷದಲ್ಲಿ ಗೌಟ್ ಬಂದದ್ದು ನೂರಕ್ಕೆ ಸುಮಾರು 20 ಮಂದಿಗೆ ಮಾತ್ರ. ಸಂಖ್ಯೆಗೆ ಚಿಕಿತ್ಸೆ ಕೊಡುವುದಿಲ್ಲ. ಅದೇ ರೀತಿ ಮಂಡಿ ನೋವು, ಹಿಮ್ಮಡಿ ನೋವು ಎಂದು ಹೋದವರಿಗೆ ಯೂರಿಕ್ ಆಸಿಡ್ 7 ಬಂದ ಮಾತ್ರಕ್ಕೆ ಅದು ಗೌಟ್ ಆಗುವುದಿಲ್ಲ, ಬಹಳ ಸಲ ಅದು ಮಂಡಿ ಸವೆತವೋ ಹಿಮ್ಮಡಿಗೆ ಅಂಟಿದ ಅಂಗಾಲಿನ ಪಟ್ಟಿಯ ಊತವೋ ಆಗಿರುತ್ತದೆ. ಉಲ್ಟಾ ಕೂಡ ನಡೆಯುತ್ತದೆ. ನಿಜವಾದ ಗೌಟ್ ಕೆರಳಿದ ದಿನ ರಕ್ತ ಕೊಟ್ಟರೆ ಯೂರಿಕ್ ಆಸಿಡ್ ನಾರ್ಮಲ್ ಬರಬಹುದು. ನೋವು ಇಳಿದು ಎರಡು ವಾರ ಆದ ಮೇಲೆ ಇನ್ನೊಮ್ಮೆ ಕೊಡಬೇಕು.

ನೋವಿಲ್ಲದೆ ಬರೀ ಸಂಖ್ಯೆ ಹೆಚ್ಚಿದವರು ಮಾಡಬೇಕಾದದ್ದು ಇಷ್ಟು: ಕಿಡ್ನಿಯ ಕ್ರಿಯಾಟಿನಿನ್, ಸಕ್ಕರೆ, ಬಿಪಿ ನೋಡಿಸಿಕೊಳ್ಳಿ, ಈಗ ನುಂಗುತ್ತಿರುವ ಮಾತ್ರೆಗಳ ಶೀಟುಗಳನ್ನೆಲ್ಲ ಡಾಕ್ಟರ ಮುಂದೆ ಇಡಿ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್‌ನಂಥ ನೀರಿಳಿಸುವ ಮಾತ್ರೆ ಯೂರಿಕ್ ಆಸಿಡನ್ನು ಏರಿಸುತ್ತದೆ. ಅದರ ಬದಲು ಲೋಸಾರ್ಟಾನ್ ಆಗುತ್ತದಾ ಎಂದು ಕೇಳಿ, ಅದು ತುಸು ಇಳಿಸುತ್ತದೆ. ಹೃದಯಕ್ಕೆಂದು ಕೊಟ್ಟಿರುವ ಸಣ್ಣ ಆಸ್ಪಿರಿನ್ ಕೂಡ ಸ್ವಲ್ಪ ಏರಿಸುತ್ತದೆ, ಆದರೆ ಅದನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.