ಮೊದಲ ಆಲ್ಬಮ್ಮೋ, ಎರಡನೆಯದೋ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ: ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಮೈ ಡೈಯಿಂಗ್ ಬ್ರೈಡ್‌ನ ಎರಡನೆಯ ಆಲ್ಬಮ್ 'ಟರ್ನ್ ಲೂಸ್ ದ ಸ್ವಾನ್ಸ್' ಅನ್ನೇ ಎಲ್ಲರೂ ಹೊಗಳುತ್ತಾರೆ. ಮೊದಲ ಆಲ್ಬಮ್ಮಿನಲ್ಲೂ ಅದೇ ಗ್ರೌಲ್ (ಗುರುಗುಟ್ಟುವ ಗಾಯನ), ಅದೇ ವಯಲಿನ್ ಇದೆಯಲ್ಲ. ಇದರಲ್ಲಿ ಅಂಥದ್ದೇನು ಜಾಸ್ತಿ?

ಒಂದು ಹಾಡನ್ನು ಎರಡೂ ಕಡೆ ಕೇಳಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 1992ರ ಮೊದಲ ಆಲ್ಬಮ್ 'ಆ್ಯಸ್ ದ ಫ್ಲವರ್ ವಿದರ್ಸ್'ನಲ್ಲಿ 'ಸಿಯರ್ ಮಿ' ಅಂತ ಒಂದು ಹಾಡಿದೆ. ಭಾರದ ಗಿಟಾರ್, ಹೊಟ್ಟೆಯೊಳಗಿಂದ ಬರುವ ಗ್ರೌಲ್. ಮರುವರ್ಷ ಬಂದ ಟರ್ನ್ ಲೂಸ್ ಅದೇ ಹೆಸರಿನಿಂದ ಶುರುವಾಗುತ್ತದೆ, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ 1993 ಅಂತ ಬರೆದಿದೆ, ಅಷ್ಟೇ. ಆದರೆ ಗಿಟಾರೇ ಇಲ್ಲ! ಕೀಬೋರ್ಡು, ವಯಲಿನ್ನು, ಮೆತ್ತಗಿನ ದನಿ. ಮೆಟಲ್ ಬ್ಯಾಂಡೊಂದು ಹೀಗೆ ಬಾಗಿಲು ತೆರೆಯಲು ಧೈರ್ಯ ಬೇಕು. ಕೊನೆಯ ಹಾಡು 'ಬ್ಲ್ಯಾಕ್ ಗಾಡ್'ನಲ್ಲೂ ಗಿಟಾರ್ ಇಲ್ಲ.

ವಯಲಿನ್ ಇತ್ತಲ್ಲ ಅಂದಿರಿ. ಇತ್ತು, ನಿಜ. ಆದರೆ ಮೊದಲ ಆಲ್ಬಮ್ಮಿಗೆ ಮಾರ್ಟಿನ್ ಪವೆಲ್ ಬಂದು ನುಡಿಸಿ ಹೋದ ಅತಿಥಿ. ಎರಡನೆಯದರ ಹೊತ್ತಿಗೆ ಮನೆಯವನೇ ಆಗಿದ್ದ. ಹಾಗಾಗಿ ವಯಲಿನ್ ಅಲ್ಲಿ ಊಟಕ್ಕೆ ಉಪ್ಪಿನಕಾಯಿ, ಇಲ್ಲಿ ಅನ್ನವೇ. ನಮ್ಮ ಕಛೇರಿ ವಯಲಿನ್ನಿನ ಗಮಕ ಹುಡುಕಬೇಡಿ, ಸಿಗಲ್ಲ. ಎಳೆದ ನೇರ ಸ್ವರಗಳು, ಸ್ವಲ್ಪ ಒರಟೇ.

ಇನ್ನು ಗಾಯಕ ಆರನ್ ಸ್ಟೇನ್‌ಥಾರ್ಪ್. ಮೊದಲ ಆಲ್ಬಮ್ ಪೂರ್ತಿ ಗ್ರೌಲ್. ಎರಡನೆಯದರಲ್ಲಿ ಗ್ರೌಲ್ ಜೊತೆಗೆ ತೆರೆದ ಗಂಟಲಲ್ಲೂ ಹಾಡುತ್ತಾನೆ. ಅಲ್ಲಲ್ಲಿ ದನಿ ನಡುಗುತ್ತದೆ, ಶ್ರುತಿಯ ಅಂಚಿಗೆ ಹೋಗುತ್ತದೆ. ನನಗೆ ಅದೇ ಇಷ್ಟ. ದುಃಖದಲ್ಲಿರುವವನು ನೀಟಾಗಿ ಹಾಡಿದರೆ ಯಾರು ನಂಬುತ್ತಾರೆ?

ಹೋದ ಸಲದ ಅಡಿಕೆ ಕೊಯ್ಲಲ್ಲಿ ಒಂದು ರಾತ್ರಿ ಸುಲಿಯುತ್ತ ಕೂತಾಗ ಎರಡನ್ನೂ ಹಾಕಿದ್ದೆ. ಮೊದಲನೆಯದರ 'ದ ಫಾರೆವರ್ ಪೀಪಲ್' ನಾಗಾಲೋಟ. ಮೆಟ್ಟುಗತ್ತಿಯ ಮುಂದೆ ಅಂಥ ಹಾಡು ಬೇಡ ಮಾರಾಯ್ರೆ, ಬೆರಳು ಹೋಗುತ್ತದೆ. ಆಮೇಲೆ 12 ನಿಮಿಷ ದಾಟುವ 'ದ ಕ್ರೌನ್ ಆಫ್ ಸಿಂಪಥಿ' ಬಂತು. ಡ್ರಮ್ಮು ಒಂದು ಪೆಟ್ಟು ಹೊಡೆದು ಕಾಯುತ್ತದೆ, ಮತ್ತೊಂದು ಹೊಡೆಯುತ್ತದೆ. ನನಗೇ ಗೊತ್ತಿಲ್ಲದೆ ಕೈ ಆ ಲಯಕ್ಕೆ ಬಿದ್ದಿತ್ತು. ಸಿಪ್ಪೆ ಒಂದು ಕಡೆ, ಹಸಿ ಅಡಿಕೆ ಬುಟ್ಟಿಗೆ. ಎರಡನೆಯ ಆಲ್ಬಮ್ಮಿನ ಗೆಲುವು ಈ ಕಾಯುವಿಕೆಯಲ್ಲೇ ಇದೆ ಅನ್ನೋದು ನನ್ನ ಲೆಕ್ಕ. ಮೊದಲನೆಯದರಲ್ಲಿ ಒಂದು ರಿಫ್ (ಮತ್ತೆ ಮತ್ತೆ ನುಡಿಸುವ ಗಿಟಾರ್ ತುಣುಕು) ಕೂರುವಷ್ಟರಲ್ಲಿ ಇನ್ನೊಂದು ಅದನ್ನು ಎಬ್ಬಿಸಿಬಿಡುತ್ತದೆ.

ಹಾಗಂತ ಅದನ್ನು ಮೂಲೆಗೆ ಹಾಕಬೇಡಿ. ಉತ್ತರ ಇಂಗ್ಲೆಂಡಿನ ಈ ಹುಡುಗರು, ಜೊತೆಗೆ ಪ್ಯಾರಡೈಸ್ ಲಾಸ್ಟ್, ಅನಾಥೆಮಾ ಬ್ಯಾಂಡುಗಳು, ಮೂವರೂ ಪೀಸ್‌ವಿಲ್ ರೆಕಾರ್ಡ್ ಕಂಪನಿಯಲ್ಲಿ ಆಲ್ಬಮ್ ಶುರುಮಾಡಿ, ಡೂಮ್ ಅನ್ನೋ ಮೆಟಲ್ ಬಗೆಯ ನಿಧಾನಕ್ಕೆ ಡೆತ್ ಮೆಟಲ್‌ನ ಗ್ರೌಲ್ ಗಂಟಲು ಕೂಡಿಸುತ್ತಿದ್ದ ಕಾಲ ಅದು. 'ದ ರಿಟರ್ನ್ ಆಫ್ ದ ಬ್ಯೂಟಿಫುಲ್' ಕೇಳಿದರೆ ಮುಂದಿನ ಆಲ್ಬಮ್ಮಿನ ಬೀಜ ಕಾಣುತ್ತದೆ. 'ಸಿಯರ್ ಮಿ' ಹುಚ್ಚು ಹಿಡಿದರೆ 1999ರ 'ದ ಲೈಟ್ ಅಟ್ ದಿ ಎಂಡ್ ಆಫ್ ದ ವರ್ಲ್ಡ್'ನಲ್ಲಿ ಮೂರನೆಯದೂ ಇದೆ.