ಹಳದಿ ಇಂಜಿನ್ನಿಗೆ ‘ಹಸಿರು’ ಅಂತ ಹೆಸರಿಟ್ಟ ಕತೆ

ಇಂಗ್ಲೆಂಡಿನ ಯಾರ್ಕ್‌ನಲ್ಲಿರುವ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಹೋದರೆ ‘ಗ್ಲ್ಯಾಡ್‌ಸ್ಟನ್’ ಎಂಬ ಉಗಿ ಇಂಜಿನ್ ನೋಡಬಹುದು. ನಂಬರ್ 214. 1882ರಲ್ಲಿ ಬ್ರೈಟನ್ ಕಾರ್ಖಾನೆಯಲ್ಲಿ ತಯಾರಾದದ್ದು. ಅರಿಶಿನಕ್ಕೆ ಚೂರು ಬೆಲ್ಲ ಕಲಸಿದರೆ ಹೇಗಿರುತ್ತದೋ ಅಂಥ ಬಣ್ಣ. ಯಾವ ಮಗುವನ್ನು ಕೇಳಿದರೂ ‘ಹಳದಿ’ ಅನ್ನುತ್ತದೆ. ಆದರೆ ಈ ಬಣ್ಣಕ್ಕೆ ಇರುವ ಹೆಸರು ‘ಇಂಪ್ರೂವ್ಡ್ ಇಂಜಿನ್ ಗ್ರೀನ್’. ಅಂದರೆ, ಸುಧಾರಿಸಿದ ಇಂಜಿನ್ ಹಸಿರು!

ಬ್ರಿಟನ್ನಿನ ರೈಲು ಪ್ರಿಯರು ಇಂಜಿನ್ ಬಣ್ಣದ ಬಗ್ಗೆ ವರ್ಷಗಟ್ಟಲೆ ಜಗಳ ಆಡುತ್ತಾರೆ ಅಂದರೆ ನಮಗೆ ನಗು ಬರುತ್ತದೆ. ನನಗೂ ಬರುತ್ತಿತ್ತು. ಆದರೆ ಜಗಳದ ಬುಡ ಹುಡುಕುತ್ತಾ ಹೋದರೆ ಸಿಗುವುದು ಬಣ್ಣ ಅಲ್ಲ, ಫೋಟೊ. ಯಾವುದನ್ನು ಫೋಟೊ ತೆಗೆದರು, ಯಾವುದನ್ನು ‘ಇದೇನು ಮಹಾ’ ಅಂತ ಬಿಟ್ಟರು ಅನ್ನುವುದು.

ಮೊದಲು ಆ ಹಳದಿಯ ವಿಷಯ ಮುಗಿಸೋಣ. ಅದನ್ನು ಬ್ರೈಟನ್ನಿಗೆ ತಂದವರು ವಿಲಿಯಂ ಸ್ಟ್ರೌಡ್ಲಿ. ಸ್ಕಾಟ್ಲೆಂಡಿನ ಹೈಲ್ಯಾಂಡ್ ರೈಲ್ವೆಯಲ್ಲಿ ಕೆಲಸ ಮಾಡಿ, 1870ರಲ್ಲಿ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಗೆ ಇಂಜಿನ್ ವಿಭಾಗದ ಮುಖ್ಯಸ್ಥರಾಗಿ ಬಂದವರು. ಅವರಿಗೆ ಬಣ್ಣಗುರುಡು ಇತ್ತು, ಹಳದಿಯನ್ನೇ ಹಸಿರು ಅಂದುಕೊಂಡಿದ್ದರು ಅನ್ನುವ ಕತೆ ಬಹಳ ಹಳೆಯದು. ಕೇಳೋಕೆ ಮಜವಾಗಿದೆ, ಆದರೆ ನಾನು ನಂಬುವುದಿಲ್ಲ. ಯಾಕೆಂದರೆ ಇದೇ ಸ್ಟ್ರೌಡ್ಲಿ ಗೂಡ್ಸ್ ಇಂಜಿನ್ನುಗಳಿಗೆ ನಿಜವಾದ ಕಡು ಹಸಿರನ್ನೇ ಬಳಿಸಿದ್ದರು. ಕ್ಯಾಬಿನ ಒಳಗೆ ಚಾಲಕನ ಹೆಸರು ಬರೆಸುವಷ್ಟು ಸೂಕ್ಷ್ಮದ ಮನುಷ್ಯ. ಹಳೇ ಹಸಿರಿಗಿಂತ ಇದು ವಾಸಿ, ಅದಕ್ಕೇ ‘ಸುಧಾರಿಸಿದ್ದು’ ಅಂತ ಹೆಸರು ಬಂದಿರಬಹುದು. ನಾವು ಹೊಸ ಪೊರಕೆಗೂ ‘ನ್ಯೂ ಇಂಪ್ರೂವ್ಡ್’ ಅಂತ ಲೇಬಲ್ ಅಂಟಿಸುವುದಿಲ್ಲವಾ, ಹಾಗೆ.

1905ರಲ್ಲಿ ಡಿ. ಇ. ಮಾರ್ಷ್ ಆ ಜಾಗಕ್ಕೆ ಬಂದ ಮೇಲೆ ಹಳದಿ ಹೋಗಿ ಕಡು ಕಂದು ಬಂತು. 1927ರಲ್ಲಿ ಸ್ಟೀಫನ್ಸನ್ ಲೋಕೊಮೋಟಿವ್ ಸೊಸೈಟಿ ಎಂಬ ಹವ್ಯಾಸಿಗಳ ಸಂಘ ಗ್ಲ್ಯಾಡ್‌ಸ್ಟನ್ ಅನ್ನು ಕೊಂಡು ಉಳಿಸಿತು. ಆಗ ಅದಕ್ಕೆ ಮತ್ತೆ ಹಳದಿ ಬಂತು. ನಡುವೆ ಇಪ್ಪತ್ತು ವರ್ಷ ಆ ಹಳದಿ ಇರಲಿಲ್ಲ. ಹೀಗಾಗಿ ಇವತ್ತು ‘ಸ್ಟ್ರೌಡ್ಲಿ ಬಣ್ಣ ಇದೇ ನೋಡಿ’ ಅಂತ ಯಾರಾದರೂ ಬೊಟ್ಟು ಮಾಡಿದರೆ, ಪಕ್ಕದಲ್ಲಿದ್ದವರು ‘ಅದು ಮೂಲದ್ದಲ್ಲವಲ್ಲ’ ಅಂತ ಶುರು ಮಾಡುತ್ತಾರೆ.

ಇಷ್ಟೆಲ್ಲ ಬಣ್ಣ ಯಾಕೆ ಬಂತು? 1923ಕ್ಕಿಂತ ಮೊದಲು ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳಿದ್ದವು. ಎಲ್ಲ ಖಾಸಗಿ. ಓದು ಬಾರದ ಹಳ್ಳಿಯವನಿಗೂ ದೂರದಿಂದಲೇ ‘ನಮ್ಮ ಕಂಪನಿ ರೈಲು ಬಂತು’ ಅಂತ ಗೊತ್ತಾಗಬೇಕು. ಮಿಡ್ಲೆಂಡ್ ರೈಲ್ವೆ 1883ರಿಂದ ಕ್ರಿಮ್ಸನ್ ಲೇಕ್ ಎಂಬ ಕಡುಗೆಂಪು ಹಿಡಿಯಿತು. ಕ್ಯಾಲಿಡೋನಿಯನ್ನಿನದು ನೀಲಿ, ಗ್ರೇಟ್ ಈಸ್ಟರ್ನಿನದೂ ನೀಲಿ, ಆದರೆ ಬೇರೆ ನೀಲಿ. ಲಂಡನ್ ಅಂಡ್ ನಾರ್ತ್ ವೆಸ್ಟರ್ನಿನದು ಕಪ್ಪು. ಅದಕ್ಕೂ ‘ಬ್ಲ್ಯಾಕ್‌ಬೆರಿ ಬ್ಲ್ಯಾಕ್’ ಅನ್ನುತ್ತಾರೆ. ನಮ್ಮವರು ‘ನೇರಳೆಹಣ್ಣಿನ ಕಪ್ಪು’ ಅಂದಂತೆ.

ಆದರೆ ಆ ಕಾಲದಲ್ಲಿ ಬಣ್ಣ ಡಬ್ಬಿಯಲ್ಲಿ ನಂಬರ್ ಹಾಕಿಕೊಂಡು ಬರುತ್ತಿರಲಿಲ್ಲ. ಕಾರ್ಖಾನೆಯ ಪೇಂಟ್ ಶಾಪಿನಲ್ಲೇ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಕಲಸುತ್ತಿದ್ದರು. ಮೊದಲು ಸೀಸದ ಬಣ್ಣದ ತಳ, ಆಮೇಲೆ ಮೇಲಿನ ಬಣ್ಣ, ಅದರ ಮೇಲೆ ಪದರ ಪದರವಾಗಿ ವಾರ್ನಿಷ್. ವಾರ್ನಿಷ್ ಹಳತಾದಂತೆ ಹಳದಿಯಾಗುತ್ತದೆ. ಹಳದಿಯಾದ ವಾರ್ನಿಷ್ ಕೆಳಗಿನ ನೀಲಿ ಹಸಿರಾಗಿ ಕಾಣುತ್ತದೆ, ಬಿಳಿ ಗೆರೆ ಕೆನೆಯಾಗುತ್ತದೆ. ಅದರ ಮೇಲೆ ಹುಡುಗರು ದಿನಾ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಇನ್ನು ಮಸಿ, ಹೊಗೆ, ಮಳೆ. ಕ್ಯಾಲಿಡೋನಿಯನ್ ರೈಲ್ವೆಯ ಗ್ಲಾಸ್ಗೋ ಕಾರ್ಖಾನೆಯ ನೀಲಿಗೂ ಪರ್ತ್ ಊರಿನ ನೀಲಿಗೂ ಹೊಂದುತ್ತಿರಲಿಲ್ಲ, ಪರ್ತ್‌ನವರು ಬಿಳಿ ಜಾಸ್ತಿ ಬೆರೆಸುತ್ತಿದ್ದರು ಅನ್ನುತ್ತಾರೆ. ಹಾಗಾದರೆ ‘ಕ್ಯಾಲಿಡೋನಿಯನ್ ನೀಲಿ’ ಯಾವುದು?

ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಮಸ್ಯೆಯೇ. ಸೀರೆಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡೋಕೆ ಹೋದಾಗ ಅಮ್ಮ ಅಂಗಡಿಯ ಟ್ಯೂಬ್‌ಲೈಟನ್ನು ನಂಬುತ್ತಾರಾ? ಎರಡನ್ನೂ ಎತ್ತಿಕೊಂಡು ಬಾಗಿಲಾಚೆ ಬಿಸಿಲಿಗೆ ಬರುತ್ತಾರೆ. ಒಳಗೆ ಒಂದೇ ಆಗಿದ್ದದ್ದು ಹೊರಗೆ ಎರಡಾಗುತ್ತದೆ. ಅದೇ ಸೀರೆಯ ಬರೀ ಕಪ್ಪು ಬಿಳುಪು ಫೋಟೊ ತೋರಿಸಿ ಮ್ಯಾಚಿಂಗ್ ಕೇಳಿದರೆ ಹೇಗಿರುತ್ತೆ ಯೋಚಿಸಿ. ಇಂಜಿನ್ ಬಣ್ಣ ಹುಡುಕುವವರ ಪಾಡು ಅದೇ.

ಅದರಲ್ಲೂ ಆ ಫೋಟೊಗಳು ಸುಳ್ಳು ಹೇಳುತ್ತವೆ. ಸ್ಟ್ರೌಡ್ಲಿ ಕಾಲದ ಗಾಜಿನ ಪ್ಲೇಟುಗಳಿಗೆ ಚೆನ್ನಾಗಿ ಕಾಣುತ್ತಿದ್ದದ್ದು ನೀಲಿ ಒಂದೇ. ನೀಲಿ ಇಂಜಿನ್ ಬೆಳ್ಳಗೆ ಬರುತ್ತಿತ್ತು, ಹಳದಿ ಕಪ್ಪಗೆ. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಹಸಿರೂ ಕಾಣಿಸಿತು, ಆದರೆ ಕೆಂಪು ಕಾಣಲಿಲ್ಲ. ಮಿಡ್ಲೆಂಡಿನ ಚೆಂದದ ಕೆಂಪು ಇಂಜಿನ್ ಫೋಟೊದಲ್ಲಿ ಇದ್ದಿಲಿನಂತೆ. ಯಾವ ಪ್ಲೇಟು ಅಂತ ಗೊತ್ತಿಲ್ಲದೆ ಬೂದಿ ಬಣ್ಣ ನೋಡಿ ತೀರ್ಪು ಕೊಟ್ಟರೆ ಮುಗಿಯಿತು ಕತೆ.

ಕಂಪನಿಗಳು ತಾವೇ ತೆಗೆಸಿದ ಫೋಟೊಗಳದ್ದು ಇನ್ನೂ ಮಜ. ಹೊಸ ಮಾದರಿಯ ಇಂಜಿನ್ ಹೊರಬಂದರೆ ಹೆಚ್ಚಾಗಿ ಅದಕ್ಕೆ ಮೊದಲು ಬೂದು ಬಣ್ಣ ಬಳಿಯುತ್ತಿದ್ದರು. ಬೂದಿನಲ್ಲಿ ಪ್ರತಿ ರಿವೆಟ್ಟೂ ಗೆರೆಯೂ ಸ್ಪಷ್ಟ ಬರುತ್ತದೆ ಅಂತ. ಫೋಟೊ ಆದ ಮೇಲೆ ಒಳಗೆ ತಳ್ಳಿ ನಿಜವಾದ ಬಣ್ಣ ಹಾಕುತ್ತಿದ್ದರು. ಅಂದರೆ ಒಂದು ಇಂಜಿನ್ನಿನ ಅತಿ ಸ್ಪಷ್ಟವಾದ ಫೋಟೊದಲ್ಲಿ ಇರುವುದು ಅದು ಒಂದು ದಿನವೂ ಓಡಾಡದ ಬಣ್ಣ.

ಕಲರ್ ಫಿಲ್ಮ್ ಬಂದ ಮೇಲಾದರೂ ಸರಿಹೋಯಿತಾ? 35 ಎಂ.ಎಂ. ಕೊಡಾಕ್ರೋಮ್ 1936ರಲ್ಲಿ ಬಂತು. ಆದರೆ ಅದು ಬೆಳಕು ಹಿಡಿಯುವ ವೇಗ (ಎಎಸ್ಎ) ತೀರಾ ಕಡಿಮೆ, 10ರ ಆಸುಪಾಸು. ಓಡುವ ರೈಲು ಹಿಡಿಯೋಕೆ ಆಗದು. ಬೆಲೆಯೂ ದುಬಾರಿ. ಹೀಗಾಗಿ ಕಲರಿನಲ್ಲಿ ಸಿಕ್ಕಿದ್ದು ಹೆಚ್ಚಾಗಿ ಒಳ್ಳೆ ಬಿಸಿಲಿನಲ್ಲಿ, ನಿಂತಿರುವ, ತೊಳೆದು ಮಿಂಚುವ ದೊಡ್ಡ ಇಂಜಿನ್ನುಗಳು. ಮಳೆಯಲ್ಲಿ ಕಲ್ಲಿದ್ದಲು ಎಳೆಯುವ ಕೊಳಕು ಗೂಡ್ಸ್ ಇಂಜಿನ್ನಿಗೆ ಯಾರು ಆ ಫಿಲ್ಮ್ ಖರ್ಚು ಮಾಡುತ್ತಾರೆ? ಹಿತ್ತಲ ಗಿಡ ಮದ್ದಲ್ಲ.

ಕಪ್ಪು ಬಿಳುಪಿನಲ್ಲಿ ಮಾತ್ರ ಹುಚ್ಚು ಹಿಡಿದವರಿದ್ದರು. ಅವರಲ್ಲಿ ನನಗೆ ಇಷ್ಟವಾದವರು ಎರಿಕ್ ಟ್ರೀಸಿ. ಲಿವರ್‌ಪೂಲಿನ ಎಡ್ಜ್ ಹಿಲ್‌ನಲ್ಲಿ ಪಾದ್ರಿಯಾಗಿದ್ದಾಗ ರೈಲ್ವೆ ಕೆಲಸಗಾರರ ಸ್ನೇಹ ಬೆಳೆಸಿದರು, ಮುಂದೆ ವೇಕ್‌ಫೀಲ್ಡಿನ ಬಿಷಪ್ ಆದರು, ಕ್ಯಾಮೆರಾ ಮಾತ್ರ ಬಿಡಲಿಲ್ಲ. 1978ರ ಮೇ ತಿಂಗಳಲ್ಲಿ ಆ್ಯಪಲ್‌ಬಿ ಸ್ಟೇಷನ್ನಿನಲ್ಲಿ ಉಗಿ ರೈಲಿಗೆ ಕಾಯುತ್ತಿದ್ದಾಗಲೇ ತೀರಿಕೊಂಡರು. ಇನ್ನೊಂದು ಕಡೆ, 1942ರಲ್ಲಿ ಸದರ್ನ್ ರೈಲ್ವೆಯ ಕಚೇರಿಯಲ್ಲಿದ್ದ ಇಯಾನ್ ಆ್ಯಲನ್ ಎಂಬ ಯುವಕ ಇಂಜಿನ್ ನಂಬರುಗಳ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿಂದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಪೆನ್ಸಿಲ್ ಹಿಡಿದ ಹುಡುಗರ ಸಾಲು ಶುರುವಾಯಿತು. ಅವರು ತೊಡುವ ಮಳೆಕೋಟಿನಿಂದ ‘ಅನೊರಾಕ್’ ಅಂತ ಅಡ್ಡಹೆಸರೂ ಆಮೇಲೆ ಅಂಟಿತು.

1948ರ ಜನವರಿ 1ಕ್ಕೆ ಎಲ್ಲ ರೈಲ್ವೆ ಸರ್ಕಾರದ ಕೈಗೆ ಬಂತು. ಬ್ರಿಟಿಷ್ ರೈಲ್ವೇಸ್‌ನ ಮೊದಲ ತಲೆನೋವುಗಳಲ್ಲಿ ಒಂದು ಇದೇ: ಯಾರ ಬಣ್ಣ? ಆ ತಿಂಗಳೇ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ಬೇರೆ ಬೇರೆ ಬಣ್ಣ ಬಳಿದ ಇಂಜಿನ್ನುಗಳನ್ನು ನಿಲ್ಲಿಸಿ ಅಧಿಕಾರಿಗಳು ನೋಡಿದರು, ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಕೊನೆಗೆ ದೊಡ್ಡ ಎಕ್ಸ್‌ಪ್ರೆಸ್ ಇಂಜಿನ್ನುಗಳಿಗೆ ನೀಲಿ ಬಂತು. ಅದು ಬಾಳಿಕೆ ಬರಲಿಲ್ಲ, ಕೆಲವೇ ವರ್ಷದಲ್ಲಿ ಕಡು ಹಸಿರಾಯಿತು. 2013ರಲ್ಲಿ ಯಾರ್ಕ್ ಮ್ಯೂಸಿಯಂನಲ್ಲಿ ‘ಎ4’ ಎಂಬ ಒಂದೇ ಮಾದರಿಯ, ಉಳಿದಿರುವ ಆರೂ ಇಂಜಿನ್ನುಗಳನ್ನು ಒಟ್ಟಿಗೆ ನಿಲ್ಲಿಸಿದಾಗ ಇದು ಕಣ್ಣಿಗೇ ಕಂಡಿತು. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್‌ದು ಗಾರ್ಟರ್ ನೀಲಿ, ಸರ್ ನೈಜೆಲ್ ಗ್ರೆಸ್ಲಿಯದು ಬ್ರಿಟಿಷ್ ರೈಲ್ವೇಸ್ ನೀಲಿ, ಯೂನಿಯನ್ ಆಫ್ ಸೌತ್ ಆಫ್ರಿಕಾದ್ದು ಹಸಿರು. ಅಕ್ಕತಂಗಿಯರು, ಸೀರೆ ಮಾತ್ರ ಬೇರೆ ಬೇರೆ ಕಾಲದ್ದು.

‘ಯಾವ ಕಾಲದ್ದು’ ಅನ್ನುವುದೇ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಜಗಳದ ತಿರುಳು. 1923ರ ಈ ಇಂಜಿನ್ ಜಗತ್ತಿಗೆಲ್ಲ ಗೊತ್ತಿರುವುದು ಎಳೆ ಸೇಬಿನ ಹಸಿರಿನಲ್ಲಿ, 4472 ನಂಬರಿನಲ್ಲಿ. 1963ರಲ್ಲಿ ಅದನ್ನು ಕೊಂಡ ಅಲನ್ ಪೆಗ್ಲರ್ ಅದೇ ಬಣ್ಣಕ್ಕೆ ಮರಳಿಸಿದ್ದರು. ಆದರೆ ಈಗ ಅದರ ಮೇಲೆ ಎರಡು ತೂತಿನ ಚಿಮಣಿ ಇದೆ, ಪಕ್ಕದಲ್ಲಿ ಹೊಗೆ ತಡೆಯುವ ತಗಡುಗಳಿವೆ. ಚಿಮಣಿ ಬಂದದ್ದು 1959ರಲ್ಲಿ, ತಗಡು 1961ರಲ್ಲಿ. ಆಗ ಇಂಜಿನ್ ಕಡು ಹಸಿರಿನಲ್ಲಿತ್ತು, ನಂಬರ್ 60103. 2016ರಲ್ಲಿ ದೊಡ್ಡ ದುರಸ್ತಿ ಮುಗಿದು ಹೊರಬಂದಾಗ ಮ್ಯೂಸಿಯಂ ಕಡು ಹಸಿರನ್ನೇ ಬಳಿಸಿತು. ಮೈಗೆ ಹೊಂದುವ ಬಟ್ಟೆ ಅದು. ಲೆಕ್ಕ ಸರಿ, ಆದರೆ ಸೇಬಿನ ಹಸಿರು ನೋಡೋಕೆ ಬಂದವರಿಗೆ ನಿರಾಸೆ. ನನ್ನ ಓಟು ಮ್ಯೂಸಿಯಂಗೆ. ಹೃದಯ ಮಾತ್ರ ಸೇಬಿನ ಕಡೆಗೇ ಇದೆ, ಏನ್ಮಾಡೋದು.

ಆ ವರ್ಷದ ಫೆಬ್ರವರಿ 25ರಂದು ಅದು ಲಂಡನ್ನಿನಿಂದ ಯಾರ್ಕ್‌ಗೆ ಹೊರಟಾಗ ಫೋಟೊಗೆ ಅಂತ ಜನ ಹಳಿಯ ಮೇಲೇ ಬಂದುಬಿಟ್ಟರು. ರೈಲನ್ನು ನಿಲ್ಲಿಸಬೇಕಾಯಿತು. ಅವತ್ತು ಅದೇ ಹಳಿಯ ಮೇಲೆ ದಿನದ ಪ್ರಯಾಣಿಕರ ರೈಲುಗಳೂ ಇದ್ದವು. ಅವುಗಳ ಕಡೆ ಎಷ್ಟು ಕ್ಯಾಮೆರಾ ತಿರುಗಿತೋ!

ಬಣ್ಣದ ಗೊಂದಲಕ್ಕೆ ಒಂದು ಪರಿಹಾರ 1965ರಲ್ಲಿ ಬಂದಿತ್ತು. ಬ್ರಿಟಿಷ್ ರೈಲ್ ಎರಡು ಬಾಣದ ಗುರುತನ್ನು, ಜೊತೆಗೆ ದೇಶಕ್ಕೆಲ್ಲ ಒಂದೇ ‘ರೈಲ್ ಬ್ಲೂ’ ಬಣ್ಣವನ್ನು ತಂದಿತು. ಅದಕ್ಕೆ ಬ್ರಿಟಿಷ್ ಸ್ಟ್ಯಾಂಡರ್ಡ್ ನಂಬರೂ ಇತ್ತು. ಇನ್ನು ಜಗಳಕ್ಕೆ ಜಾಗ ಇಲ್ಲ ಅಂದುಕೊಳ್ಳಬೇಕು. ಆದರೆ ಬಿಸಿಲು ಮತ್ತು ರೈಲು ತೊಳೆಯುವ ಯಂತ್ರದ ರಾಸಾಯನಿಕ ಸೇರಿ ಆ ನೀಲಿಯನ್ನು ಮಾಸಿಸಿದವು. ಈಗ ಮಾದರಿ ರೈಲು ಕಟ್ಟುವವರ ವಾದ: ಡಬ್ಬಿಯ ನೀಲಿಯೋ, ಮೂರು ವರ್ಷ ಓಡಿದ ನೀಲಿಯೋ? 1968ರ ಆಗಸ್ಟಿನಲ್ಲಿ ಉಗಿ ಇಂಜಿನ್ನುಗಳ ದಿನದ ಓಡಾಟ ನಿಂತಾಗ ಹಳಬರು ಅನೇಕರು ಕ್ಯಾಮೆರಾ ಒಳಗಿಟ್ಟರು. ಎಲ್ಲ ಒಂದೇ ನೀಲಿ ಡೀಸೆಲ್, ಏನು ತೆಗೆಯೋದು ಅಂತ. ಉಗಿ ಇಂಜಿನ್ ಕಾಣದೆ ಬೆಳೆದ ಹುಡುಗರು ಅವನ್ನೇ ತೆಗೆದರು. ಇವತ್ತು ಆ ‘ಬೋರು ನೀಲಿ’ಗೆ ಅಭಿಮಾನಿಗಳು ಕಮ್ಮಿ ಇಲ್ಲ.

ಲೀಡ್ಸ್‌ನಲ್ಲಿರುವ ನನ್ನ ಗೆಳೆಯನೊಬ್ಬ, ಹಾಸನದ ಕಡೆಯವನು, ಕೆಲಸಕ್ಕೆ ಹೋಗುವಾಗ ದಿನಾ ಪೇಸರ್ ರೈಲು ಹತ್ತುತ್ತಿದ್ದ. ಪೇಸರ್ ಅಂದರೆ 80ರ ದಶಕದಲ್ಲಿ ಲೇಲ್ಯಾಂಡ್ ಬಸ್ಸಿನ ಭಾಗಗಳನ್ನು ಬಳಸಿ ಕಟ್ಟಿದ ಅಗ್ಗದ ರೈಲು. ಬೋಗಿಗೆ ನಾಲ್ಕೇ ಚಕ್ರ. ತಿರುವಿನಲ್ಲಿ ಕಿರ್ರೋ ಅನ್ನುತ್ತಿತ್ತು, ನೇರ ದಾರಿಯಲ್ಲಿ ಎತ್ತಿನಗಾಡಿ ತರ ಕುಣಿಯುತ್ತಿತ್ತು. ಬೈಯದವರೇ ಇರಲಿಲ್ಲ. ಇವನು ಮಾತ್ರ ದಿನಕ್ಕೊಂದು ಫೋಟೊ ತೆಗೆದ, ಮೊಬೈಲಿನಲ್ಲಿ. ನಾವೆಲ್ಲ ನಕ್ಕೆವು. ಅಂಗವಿಕಲರಿಗೆ ಅನುಕೂಲ ಇರಬೇಕೆಂಬ ನಿಯಮಕ್ಕೆ ಅವು ಹೊಂದಲಿಲ್ಲ, 2021ರ ಹೊತ್ತಿಗೆ ಮುಖ್ಯ ಹಳಿಗಳಿಂದ ಹೋದವು. ಒಂದು ಈಗ ರಾಷ್ಟ್ರೀಯ ಸಂಗ್ರಹದಲ್ಲಿದೆ.

ಹೋದ ವರ್ಷ ಪೇಸರ್ ಮಾದರಿ ಕಟ್ಟುತ್ತಿದ್ದ ಒಬ್ಬರು ಅವನನ್ನು ಹುಡುಕಿಕೊಂಡು ಬಂದರು. ಬಾಗಿಲು, ಸೀಟು, ಮುಂದಿನ ಕೊಳಕು ಗಾಜು ಎಲ್ಲ ಸಿಕ್ಕಿತು. ಆಮೇಲೆ ಕೇಳಿದರು: ಛಾವಣಿ ಯಾವ ಬೂದು? ನಾಲ್ಕು ವರ್ಷದ ಫೋಟೊ ತಿರುವಿ ಹಾಕಿದ. ಎಲ್ಲ ಪ್ಲಾಟ್‌ಫಾರ್ಮಿನಿಂದ ತೆಗೆದವು. ಒಂದರಲ್ಲೂ ಛಾವಣಿ ಇಲ್ಲ.

ಈಗ ಅವನು ಬೆಳಗ್ಗೆ ಐದು ನಿಮಿಷ ಮುಂಚೆ ಮನೆ ಬಿಟ್ಟು, ಸ್ಟೇಷನ್ನಿನ ಫುಟ್‌ಬ್ರಿಡ್ಜ್ ಮೇಲೆ ನಿಂತು ಫೋಟೊ ತೆಗೆಯುತ್ತಾನೆ.